ಮೂವತ್ತಮೂರನೇ ಪುಟದ ಸಂಪಿಗೆ

ಜುಮ್ಮಾ ಮಸೀದಿ ಬೀದಿ, ಶಿರಾ
೩ ಜನವರಿ ೧೯೬೫, ಭಾನುವಾರ

ಪಾರ್ಕ್ ಕಚೇರಿಯ ಗುಮಾಸ್ತರೂ, ಈಗ ಹೊಸದಾಗಿ ಇತಿಹಾಸಕಾರರೂ ಆಗಿರುವ ನನ್ನ ಯಜಮಾನರಿಗೆ ಕರೀಮುನ್ನೀಸಾಳ ಆದಾಬ್.

ನಿಮ್ಮ ಕಾಗದವೂ ಪ್ರೂಫಿನ ಕಟ್ಟೂ ಬುಧವಾರ ತಲುಪಿದವು. ನಾನು ಅಬ್ಬಾನ ಜೊತೆ ಬೆಂಗಳೂರು ಬಿಟ್ಟು ಬಂದ ಈ ಎಂಟೂ ಮುಕ್ಕಾಲು ವರ್ಷದಲ್ಲಿ ನೀವು ನನಗೆ ಬರೆದದ್ದು ಒಟ್ಟು ಮೂರು ಕಾಗದ. ಮೊದಲನೆಯದರಲ್ಲಿ ಟ್ರಂಕಿನ ಬೀಗದ ಕೈ ಎಲ್ಲಿಟ್ಟೆ ಅಂತ ಕೇಳಿದ್ದಿರಿ. ಎರಡನೆಯದರಲ್ಲಿ ನಿಮ್ಮ ತಾಯಿ ತೀರಿಕೊಂಡ ಸುದ್ದಿ, ಅದೂ ನಲವತ್ತನೇ ದಿನ ಕಳೆದ ಮೇಲೆ. ಈಗ ನನ್ನ ಕನ್ನಡ ಬೇಕಾಗಿದೆ. ಪರವಾಗಿಲ್ಲ, ನನ್ನದು ಅಂತ ಏನೋ ಒಂದು ನಿಮಗೆ ನೆನಪಿದೆಯಲ್ಲ, ಅಷ್ಟೇ ಸಾಕು.

ಇವತ್ತೋ ನಾಳೆಯೋ ಚಂದ್ರ ಕಂಡರೆ ರಂಜಾನಿನ ರೋಜಾ ಶುರು. ಆಮೇಲೆ ಬಾಯಿಗೆ ಬಂದಂತೆ ಬೈಯುವ ಹಾಗಿಲ್ಲ. ಅದಕ್ಕೇ ಇವತ್ತೇ ಕೂತು ಬರೆದು ಮುಗಿಸುತ್ತೇನೆ. ಉರ್ದುವಿನಲ್ಲಿ ಬರೆಯಬಹುದಿತ್ತು, ಆದರೆ ಅದರಲ್ಲಿ ಬರೆದರೆ ನನ್ನ ಸಿಟ್ಟೂ ಶಾಯರಿಯ ಥರ ಕೇಳುತ್ತದೆ, ನೀವು ವಾಹ್ ಅಂದುಬಿಟ್ಟೀರಿ. ಕನ್ನಡದಲ್ಲೇ ಇರಲಿ. ನಾವು ಜಗಳ ಆಡಿದ್ದೆಲ್ಲ ಕನ್ನಡದಲ್ಲೇ ಅಲ್ಲವೇ?

ನೀವು ಕೇಳಿದ್ದು ಇಷ್ಟು. ಹೊಂಡದ ಪಾರ್ಕಿಗೆ ಎಪ್ಪತ್ತೈದು ವರ್ಷ ತುಂಬಿದೆ. ಇಪ್ಪತ್ತಾರನೇ ತಾರೀಕಿನ ಫಲಪುಷ್ಪ ಪ್ರದರ್ಶನದಲ್ಲಿ ಅದರ ಇತಿಹಾಸದ ಪುಸ್ತಕ ಬಿಡುಗಡೆ ಆಗಬೇಕು, ಹೆಸರು 'ಉದ್ಯಾನ ವೈಭವ', ಬರೆದವರು ನೀವು. ನಾನು ತಪ್ಪು ತಿದ್ದಿ, ಹೊತ್ತು ಕಳೆಯದೆ ನೇರವಾಗಿ ತುಮಕೂರಿನ ನಂದೀಶ್ವರಯ್ಯನವರ ಪ್ರೆಸ್ಸಿಗೆ ಕಳಿಸಬೇಕು. ನಮ್ಮ ಮನೆಯವರು ಏನು ತಿದ್ದಿದರೂ ಅದೇ ಕೊನೆ ಅಂತ ಅವರಿಗೂ ಬರೆದಿದ್ದೀರಂತೆ. ಪುಸ್ತಕ ಚೆನ್ನಾಗಿ ಬಂದರೆ ನೀವು ಹೆಡ್ ಕ್ಲಾರ್ಕು. ಹೆಡ್ ಕ್ಲಾರ್ಕ್ ಆದರೆ ಎರಡು ಕೋಣೆಯ ಕ್ವಾರ್ಟರ್ಸು, ಮನೆಯೊಳಗೇ ನಲ್ಲಿ. ಹಳೆಯದನ್ನೆಲ್ಲ ಮರೆತು ಬಂದುಬಿಡು ಅಂತ ಕಡೆಯಲ್ಲಿ ಒಂದು ಸಾಲು. ಆ ಸಾಲಿನಲ್ಲೂ ಎರಡು ತಪ್ಪಿತ್ತು, ತಿದ್ದಿದ್ದೇನೆ.

ಅಲ್ಲಾ ರೀ, ಒಂದು ಪಾರ್ಕಿನ ಇತಿಹಾಸಕ್ಕೆ ದೇವೇಂದ್ರನ ನಂದನವನದಿಂದ ಯಾಕೆ ಶುರು ಮಾಡಿದಿರಿ? ದೇವೇಂದ್ರ ಯಾವಾಗ ನಿಮ್ಮ ಕಚೇರಿಗೆ ಬಂದು ಗಿಡ ಕೇಳಿದ್ದ? ಎರಡನೇ ಪುಟದಲ್ಲಿ ದೊರೆಗಳು ಬರುತ್ತಾರೆ. 'ದೊರೆಗಳ ಕನಸಿನಲ್ಲಿ ಈ ಉದ್ಯಾನವು ಅರಳಿತು' ಅಂತ ಬರೆದಿದ್ದೀರಿ. ಕನಸಿನಲ್ಲಿ ಅರಳೋದಾದರೆ ಸಲೀಸು, ಮಣ್ಣು ಹೊರೋಕೆ ಬುಟ್ಟಿ ಬೇಡ. ಅದು ದೋಬಿಗಳ ಹೊಂಡ ಆಗಿತ್ತು ಅನ್ನೋದು ನಿಮಗೆ ಗೊತ್ತಿಲ್ಲವೇ? ಅಬ್ಬಾನ ಅಬ್ಬಾ, ನನ್ನ ದಾದಾ, ಇದೇ ಶಿರಾದಿಂದ ಇಪ್ಪತ್ತು ಮನೆಯವರ ಜೊತೆ ಹೋಗಿ ಅದಕ್ಕೆ ಮಣ್ಣು ತುಂಬಿದವರು. ಎರಡು ಬೇಸಿಗೆ ಹಿಡಿಯಿತಂತೆ. ಬಟ್ಟೆ ಒಗೆಯುವ ಕಲ್ಲುಗಳನ್ನೇ ಎತ್ತಿ ಬ್ಯಾಂಡ್‌ಸ್ಟ್ಯಾಂಡಿನ ಮೆಟ್ಟಿಲಿಗೆ ಹಾಕಿದರು. ನೀವು ದಿನಾ ಆ ಮೆಟ್ಟಿಲ ಮೇಲೆ ಕೂತು ಬುತ್ತಿ ತಿನ್ನುತ್ತಿದ್ದಿರಿ. ನಿಮ್ಮ ಪುಸ್ತಕದಲ್ಲಿ ಅದು 'ಇಟಲಿ ಮಾದರಿಯ ಶಿಲಾಸೋಪಾನ'.

ಒಂಬತ್ತನೇ ಪುಟದಲ್ಲಿ ಹುಲ್ಲುಹಾಸಿನ ವರ್ಣನೆ ನೋಡಿ ನಗು ತಡೆಯಲಾಗಲಿಲ್ಲ. 'ಸರ್ವರಿಗೂ ಮುಕ್ತವಾಗಿದ್ದ ಹಸಿರು ರತ್ನಗಂಬಳಿ.' ಆಹಾ! ಕರಿಯರು ಹುಲ್ಲಿನ ಮೇಲೆ ಕಾಲಿಡಕೂಡದು ಅಂತ ಬೋರ್ಡಿತ್ತಲ್ಲ, ಅದು ಎಲ್ಲಿಗೆ ಹೋಯಿತು? ಅಬ್ಬಾಗೆ ಚೆನ್ನಾಗಿ ನೆನಪಿದೆ. ಸ್ವಾತಂತ್ರ್ಯ ಬಂದ ವಾರ ಆ ಹಲಗೆ ಬಿಚ್ಚಿ, ಅದರ ಹಿಂದುಗಡೆಗೆ ಬಣ್ಣ ಬಳಿದು, ಹುಲ್ಲಿನ ಮೇಲೆ ಯಾರೂ ಕಾಲಿಡಕೂಡದು ಅಂತ ಬರೆಸಿ ಅದೇ ಮೊಳೆಗೆ ಹೊಡೆದರಂತೆ. ನಿಮ್ಮ ನಲವತ್ತೆಂಟು ಪುಟಕ್ಕಿಂತ ಆ ಹಲಗೆಯಲ್ಲಿ ಇತಿಹಾಸ ಜಾಸ್ತಿ ಇದೆ ಕಣ್ರೀ.

ನನ್ನ ಜೊತೆ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಮಾಡುವ ರಾಮಾಂಜಿನಮ್ಮ ಅಂತ ಒಬ್ಬಳಿದ್ದಾಳೆ, ಪಾವಗಡದ ಕಡೆಯವಳು, ಅರ್ಧ ಮಾತು ತೆಲುಗು. ಪ್ರೂಫು ಓದಿ ಹೇಳಲು ಅವಳನ್ನೂ ಕೂರಿಸಿಕೊಂಡಿದ್ದೆ. ಸೂಪರಿಂಟೆಂಡೆಂಟರುಗಳ ಪಟ್ಟಿ ಫೋಟೋ ಸಮೇತ ಆರು ಪುಟ, ಇಂಗ್ಲೆಂಡಿನ ರಾಜಕುಮಾರ ಬಂದು ಹೋದದ್ದು ನಾಲ್ಕು ಪುಟ, ನವಿಲಿನ ಪಂಜರಕ್ಕೆ ಒಂದು ಪೂರಾ ಪುಟ. ಎಲ್ಲ ಓದಿ ಅವಳು, ಏಮಮ್ಮಾ, ಇಷ್ಟು ದೊಡ್ಡ ತೋಟದಾಗೆ ಒಬ್ಬ ಮಾಲೀನೂ ಇಲ್ವಾ, ಗಿಡಗಳು ತಾವೇ ಬಿಂದಿಗೆ ಹಿಡ್ಕೊಂಡು ನೀರಿಗೆ ಹೋಗ್ತಿದ್ವಾ ಅಂತ ಕೇಳಿದಳು. ಇದ್ದಾರೆ, ಮೂವತ್ತಮೂರನೇ ಪುಟಕ್ಕೆ ಬಾ ಅಂದೆ.

ಈಗ ಆ ಪುಟದ ಮಾತು. ಇಷ್ಟು ಹೊತ್ತು ಹರಟಿದ್ದು ಅದಕ್ಕೆ ಬರೋಕೆ ಧೈರ್ಯ ಸಾಲದೆ.

ಮೇಲ್ಗಡೆ ಕೆಂಡಸಂಪಿಗೆಯ ಫೋಟೋ. ಕೆಳಗೆ ನಿಮ್ಮ ಬರಹ: '೧೯೫೬ರ ಮಾರ್ಚಿಯಲ್ಲಿ ಮಾನ್ಯ ಮಂತ್ರಿಗಳ ಅಮೃತಹಸ್ತದಿಂದ ನೆಡಲ್ಪಟ್ಟ ಈ ಸಸಿಯು ಒಂದು ಎಲೆಯನ್ನೂ ಬಾಡಿಸದೆ ಬೆಳೆದು ಈ ವರ್ಷ ಪ್ರಥಮ ಬಾರಿಗೆ ಹೂಬಿಟ್ಟಿದೆ.' ಅದರ ಕೆಳಗೆ ಇನ್ನೊಂದು ಪ್ಯಾರಾ: 'ಅದೇ ಕಾಲದಲ್ಲಿ ಕೆಲವು ಮಾಲಿಗಳಲ್ಲಿ ಸಸಿಗಳ ಕಳ್ಳತನದ ಚಟವಿದ್ದು, ಕಚೇರಿಯ ಕಠಿಣ ಕ್ರಮದಿಂದ ಅದು ನಿರ್ಮೂಲವಾಯಿತು.'

ಮೈಯೆಲ್ಲ ಉರಿದುಹೋಯಿತು. ಮಾಲಿಗಳ ಬಗ್ಗೆ ನೀವು ಬರೆದಿರುವುದು ಇಡೀ ಪುಸ್ತಕದಲ್ಲಿ ಅದೊಂದೇ ವಾಕ್ಯ. ಆ ಕಾಲದಲ್ಲಿ ಕಳ್ಳ ಅಂತ ಕೆಲಸದಿಂದ ತೆಗೆದದ್ದು ಒಬ್ಬರನ್ನೇ. ನಿಮ್ಮ ಮಾವ ಹಬೀಬ್ ಸಾಬ್. ಅದರ ಕನ್ನಡ ತಿದ್ದಲು ಅವರ ಮಗಳಿಗೇ ಕಳಿಸಿದಿರಿ. ನಿಮಗೆ ನಾಚಿಕೆ ಅನ್ನೋದು ಬೇಡವೇ? ಅಥವಾ ಬರೆಯುವಾಗ ಅದು ಯಾರು ಅಂತ ನಿಜವಾಗಿಯೂ ಹೊಳೆಯಲಿಲ್ಲವೇ? ಇವೆರಡರಲ್ಲಿ ಯಾವುದು ಹೆಚ್ಚು ಹೊಲಸು ಅಂತ ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ.

ನಿಮಗೆ ಎಲ್ಲ ಗೊತ್ತು. ಆದರೂ ಬರೆಯುತ್ತೇನೆ, ಇತಿಹಾಸಕಾರರಲ್ಲವೇ, ಮರೆತಿದ್ದೀರಿ. ದೊಡ್ಡವರು ಬಂದು ಗಿಡ ನೆಡುವುದಿದ್ದರೆ ಮಾಲಿಗಳು ಯಾವಾಗಲೂ ಒಂದೇ ತಾಯಿಮರದ ಎರಡು ಸಸಿ ಬೆಳೆಸುತ್ತಿದ್ದರು. ಜೋಡಿ ಗಿಡ ಅನ್ನುತ್ತಿದ್ದರು. ಒಂದು ಸಮಾರಂಭಕ್ಕೆ, ಒಂದು ಬದುಕುವುದಕ್ಕೆ. ಮಟಮಟ ಮಧ್ಯಾಹ್ನ ಬಂದು, ಬೆಳ್ಳಿ ಚೊಂಬಿನಲ್ಲಿ ಎರಡು ಹನಿ ನೀರು ಚಿಮುಕಿಸಿ, ಫೋಟೋದವನಿಗೆ ಕಾಣಲಿ ಅಂತ ಸಸಿಯ ಕತ್ತು ಹಿಡಿದು ಎತ್ತಿ ತೋರಿಸಿ, ಜೊತೆಯ ಐವತ್ತು ಜನ ಪಾತಿ ತುಳಿದು ಹೋದರೆ ಯಾವ ಗಿಡ ಬದುಕುತ್ತದೆ? ನಾಲ್ಕು ದಿನಕ್ಕೆ ಬಾಡಿ ಒಣಗುತ್ತಿತ್ತು. ಆಗ ಮಾಲಿಗಳು ಬೆಳಗಿನ ತಂಪಿನಲ್ಲಿ, ಗೇಟು ತೆಗೆಯುವ ಮೊದಲು, ಜೋಡಿಯನ್ನು ತಂದು ಅದೇ ಗುಂಡಿಗೆ ಇಡುತ್ತಿದ್ದರು. ನಿಮ್ಮ ಪಾರ್ಕಿನಲ್ಲಿ ದೊಡ್ಡವರ ಹೆಸರಿನ ಹಲಗೆ ಹೊತ್ತು ನಿಂತಿರುವ ಮರಗಳೆಲ್ಲ ಹೀಗೆ ಬಂದವು. ನಮ್ಮ ಮದುವೆಯಾದ ಹೊಸದರಲ್ಲಿ ಅಬ್ಬಾ ಊಟಕ್ಕೆ ಕೂತಾಗ ಇದನ್ನು ಹೇಳಿದರು, ನೀವು ನಕ್ಕೂ ನಕ್ಕೂ ಅನ್ನ ನೆತ್ತಿಗೆ ಹತ್ತಿತ್ತು. ನಾನೇ ತಲೆ ತಟ್ಟಿ ನೀರು ಕೊಟ್ಟೆ.

ಆ ಮಾರ್ಚಿಯಲ್ಲಿ ಮಂತ್ರಿಗಳ ಸಂಪಿಗೆಯೂ ಐದನೇ ದಿನಕ್ಕೆ ಒಣಗಿತು. ಅಬ್ಬಾ ಮುಂಜಾವಿನ ಫಜ್ರ್ ನಮಾಜು ಮುಗಿಸಿ ನರ್ಸರಿಯಿಂದ ಜೋಡಿಯನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಹೊರಟರು. ದಾರಿಯಲ್ಲಿ ವಾಚ್‌ಮನ್ ಚಿಕ್ಕನರಸಯ್ಯ ಹಿಡಿದುಕೊಂಡ. ಬಡವನಹಳ್ಳಿಯಿಂದ ಬಂದು ಹದಿನೈದು ದಿನವಾಗಿತ್ತು, ಪಾಪ, ಅವನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅರ್ಜಿ ಬರೆಯುವವನ ಹತ್ತಿರ ದೂರು ಬರೆಸಿ ಹತ್ತು ಗಂಟೆಗೆ ತಂದು ನಿಮ್ಮ ಟ್ರೇಗೆ ಹಾಕಿದ.

ನೀವು ಅದನ್ನು ಓದಲಿಲ್ಲ. ಅದೇ ನಿಮ್ಮ ಹೆಮ್ಮೆಯಾಗಿತ್ತಲ್ಲ! ಕಾಗದ ಓದುವುದು ಸಾಹೇಬರ ಕೆಲಸ, ನಂಬರ್ ಹಾಕುವುದು ನನ್ನ ಕೆಲಸ, ಮಧ್ಯಾಹ್ನದ ಟಪಾಲಿನ ಹೊತ್ತಿಗೆ ನನ್ನ ಟ್ರೇ ಖಾಲಿ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಿರಿ. ಪಟಪಟ ಮೊಹರು ಒತ್ತಿ, ರಿಜಿಸ್ಟರಿನಲ್ಲಿ ನಂಬರ್ ಹಾಕಿ, ಒಂದು ನಕಲನ್ನು ಮೇಲಿನ ಕಚೇರಿಗೆ ಕಳಿಸಿಬಿಟ್ಟಿರಿ. ಸ್ವಂತ ಮಾವ ಕಳ್ಳ ಅಂತ ಬರೆದ ಕಾಗದ. ಮೊದಲು ನನ್ನ ಮೇಜಿಗೆ ಬಂದಿದ್ದರೆ ಹರಿದು ಬುಟ್ಟಿಗೆ ಹಾಕುತ್ತಿದ್ದೆನಲ್ಲಯ್ಯ ಅಂತ ಸೂಪರಿಂಟೆಂಡೆಂಟರು ಹಣೆ ಚಚ್ಚಿಕೊಂಡರಂತೆ. ನಂಬರ್ ಬಿದ್ದ ಮೇಲೆ ಯಾರಾದರೂ ಒಬ್ಬ ಕಳ್ಳ ಬೇಕು. ಇಲ್ಲದಿದ್ದರೆ ಮಂತ್ರಿಗಳು ನೆಟ್ಟ ಗಿಡ ಐದು ದಿನಕ್ಕೆ ಸತ್ತಿತು ಅಂತ ಬರೆದು ಕೊಡಬೇಕು. ಅದನ್ನು ಬರೆಯುವ ಗಂಡಸು ಆ ಕಚೇರಿಯಲ್ಲಿ ಇರಲಿಲ್ಲ.

ವಿಚಾರಣೆಯ ದಿನ ಮೇಲಿನ ಕಚೇರಿಯ ಸಾಹೇಬರು, ಜೋಡಿ ಗಿಡ ಅಂತ ಯಾರೋ ಅಂದರು, ಅಂಥ ಪದ್ಧತಿ ಏನಾದರೂ ಇದೆಯೇ, ಖಲೀಲುಲ್ಲಾ, ನಿನಗೆ ಗೊತ್ತೇ ಅಂತ ಕೇಳಿದರು. ಗೊತ್ತಿಲ್ಲ ಸಾರ್ ಅಂದಿರಿ. ಅಷ್ಟೇ. ನೆಲ ನೋಡಿಕೊಂಡು ಎರಡೇ ಮಾತು.

ನಾನು ಬಾಗಿಲ ಹೊರಗೆ ಬುತ್ತಿ ಹಿಡಿದು ನಿಂತಿದ್ದೆ. ಒಳಗೆ ನುಗ್ಗಿ ಹೇಳಬಹುದಿತ್ತು. ಹೇಳಲಿಲ್ಲ. ಅಬ್ಬಾ ತಿರುಗಿ ನನ್ನನ್ನೇ ನೋಡಿ ಬೇಡ ಅಂತ ತಲೆ ಅಲ್ಲಾಡಿಸಿದರು. ನಿಮ್ಮನ್ನು ಉಗಿಯುವಾಗ ಅದರಲ್ಲಿ ಒಂದು ಪಾಲು ನನಗೂ ಇದೆ ಅಂತ ಗೊತ್ತಿದೆ, ಒಪ್ಪಿಕೊಂಡೇ ಉಗಿಯುತ್ತಿದ್ದೇನೆ.

ಆಮೇಲೆ ನಡೆದದ್ದು ನಿಮಗೆ ಗೊತ್ತಿದೆಯೋ ಇಲ್ಲವೋ. ವಜಾ ಆರ್ಡರು ಕೈಗೆ ಕೊಟ್ಟ ಮೇಲೆ ಸೂಪರಿಂಟೆಂಡೆಂಟರೇ ಅಬ್ಬಾನನ್ನು ಪಕ್ಕಕ್ಕೆ ಕರೆದು, ಆ ಜೋಡಿ ಸಸಿಯನ್ನು ನೀನೇ ನೆಟ್ಟು ಹೋಗಪ್ಪ, ಬೇರೆಯವರು ನೆಟ್ಟರೆ ಹಿಡಿಯಲ್ಲ ಅಂದರು. ಮೂವತ್ತೊಂದು ವರ್ಷ ದುಡಿದವರನ್ನು ಕಳ್ಳ ಅಂತ ಹೊರಗೆ ಹಾಕಿ, ಕದ್ದ ಮಾಲನ್ನು ಅವರ ಕೈಯಲ್ಲೇ ನೆಡಿಸಿದರು. ಅಬ್ಬಾ ನೆಟ್ಟರು. ಸುತ್ತ ಪಾತಿ ಮಾಡಿ, ಎರಡು ಬಿಂದಿಗೆ ನೀರು ಹುಯ್ದು, ಗುದ್ದಲಿ ತೊಳೆದು ಒಪ್ಪಿಸಿ ಬಂದರು. ಯಾಕೆ ನೆಟ್ಟಿರಿ ಅಂತ ನಾನು ಕಿರುಚಾಡಿದ್ದಕ್ಕೆ, ಗಿಡ ಏನು ತಪ್ಪು ಮಾಡಿತ್ತು ಬೇಟಿ ಅಂದರು.

ಶಿರಾ ಬಸ್ಸಿನಲ್ಲಿ ಕೂತ ಮೇಲೆ ಇನ್ನೊಂದು ಮಾತು ಹೇಳಿದರು. ಜೋಡಿ ಗಿಡದ ವಿಷಯ ನಾನೇ ಬಾಯಿಬಿಟ್ಟಿದ್ದರೆ, ಗೊತ್ತಿಲ್ಲ ಅಂದ ಅಳಿಯನ ಸುಳ್ಳು ಹೊರಬೀಳುತ್ತಿತ್ತು, ಅವನ ಅನ್ನ ಹೋಗುತ್ತಿತ್ತು, ನಿನ್ನ ಮನೆ ಹಾಳಾಗುತ್ತಿತ್ತು ಅಂತ. ಅವರು ಬಾಯಿ ಮುಚ್ಚಿಕೊಂಡದ್ದು ನಮ್ಮ ಮನೆ ಉಳಿಯಲಿ ಅಂತ ಕಣ್ರೀ. ಅಬ್ಬಾನನ್ನು ಬಿಟ್ಟು ವಾರದಲ್ಲಿ ವಾಪಸ್ಸು ಬರುತ್ತೇನೆ ಅಂತ ಹೊರಟವಳು ನಾನು. ಅದನ್ನು ಕೇಳಿದ ಮೇಲೆ ನಿಮ್ಮ ಮುಖ ನೋಡುವ ಮನಸ್ಸು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ನೀವು ಒಂದು ಸಲವೂ ಕೇಳಲಿಲ್ಲ, ಕೇಳಿದ್ದು ಬೀಗದ ಕೈ.

ಇಲ್ಲಿ ಅಬ್ಬಾ ಹೇಗಿದ್ದಾರೆ ಅಂತ ನಿಮ್ಮ ಕಾಗದದಲ್ಲಿಲ್ಲ, ಆದರೂ ಹೇಳುತ್ತೇನೆ. ಎಪ್ಪತ್ತು ದಾಟಿದೆ. ಕಣ್ಣು ಮಂಜು. ಶಿರಾ ಸಣ್ಣ ಊರು, ಬೆಂಗಳೂರಿನ ಸುದ್ದಿ ನಮಗಿಂತ ಮೊದಲೇ ಬಸ್ಸು ಹತ್ತಿ ಬಂದಿತ್ತು. ಗಿಡಕಳ್ಳ ಹಬೀಬ್ ಸಾಬ್ ಅಂದರೆ ಕಡಲೆಕಾಯಿ ಮಂಡಿಯಲ್ಲಿ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಹೋದ ವರ್ಷ ಇಲ್ಲಿಯ ದರ್ಗಾದ ತೋಟ ನೋಡಿಕೊಳ್ಳಲು ತಿಳಿದವರೊಬ್ಬರು ಬೇಕಾಗಿದ್ದರು. ಸಂಬಳ ಬೇಡ, ಸುಮ್ಮನೆ ಮಾಡುತ್ತೇನೆ ಅಂತ ಅಬ್ಬಾ ತಾವಾಗಿ ಹೋಗಿ ಕೇಳಿದರು. ಹಳೆಯ ವಿಷಯ ಒಂದಿದೆಯಲ್ಲ ಸಾಬ್ರೇ, ಜನ ಏನಂತಾರೆ ಅಂದರಂತೆ ಕಮಿಟಿಯವರು. ಮನೆಗೆ ಬಂದ ಅಬ್ಬಾ ಮೂರು ದಿನ ಹಿತ್ತಲಿನ ನಾಲ್ಕು ಗುಲಾಬಿಗೆ ನೀರು ಹಾಕಲಿಲ್ಲ. ಎಂದೂ ಹಾಗೆ ಮಾಡಿದವರಲ್ಲ. ಸಾಯುವ ಮೊದಲು ಒಬ್ಬರಾದರೂ, ಇವನು ಕಳ್ಳನಲ್ಲ ಅಂತ ನಾಲ್ಕು ಜನರ ಎದುರು ಹೇಳಬೇಕು ಅನ್ನುವುದೊಂದೇ ಅವರಿಗಿರುವ ಆಸೆ. ನನಗೂ ಅದೊಂದೇ.

ಹೇಳಬಲ್ಲವರು ನೀವೊಬ್ಬರೇ. ಸೂಪರಿಂಟೆಂಡೆಂಟರು ಹೋದರು, ಮಂತ್ರಿಗಳೂ ಹೋದರು. ಈಗ ಯಾರಿಗೆ ಹೆದರಬೇಕು? ಮೂವತ್ತಮೂರನೇ ಪುಟದಲ್ಲಿ ಹತ್ತು ಸಾಲು ನಿಜ ಬರೆಯಿರಿ ಅಂತ ಕೇಳಬಹುದಿತ್ತು. ಕೇಳುವುದಿಲ್ಲ. ಕೇಳಿದರೆ ಏನು ಬರೆಯುತ್ತೀರಿ ಅಂತ ಗೊತ್ತು, ಸಂದರ್ಭ ಸರಿಯಿಲ್ಲ, ಪ್ರಮೋಷನ್ ಆಗಲಿ, ಮುಂದಿನ ಮುದ್ರಣದಲ್ಲಿ ನೋಡೋಣ. ನಿಮ್ಮನ್ನು ದ್ವೇಷಿಸಲು ಎಷ್ಟೋ ಸಲ ನೋಡಿದೆ ರೀ, ಆಗಲಿಲ್ಲ. ದ್ವೇಷಿಸಲು ಎದುರಿಗೆ ಒಂದು ಆಳಾದರೂ ಇರಬೇಕು. ನೀವು ಕೆಟ್ಟವರಲ್ಲ, ಅದೇ ನನ್ನ ಕರ್ಮ. ಹೆದರುಪುಕ್ಕಲರು. ಜ್ವರ ಬಂದಾಗ ರಾತ್ರಿಯೆಲ್ಲ ನನ್ನ ಕಾಲು ಒತ್ತಿದವರು ನೀವೇ, ಅದನ್ನು ಮರೆಯಲು ಆಗದೆ ಇನ್ನೂ ಜಾಸ್ತಿ ಸಿಟ್ಟು ಬರುತ್ತದೆ.

ತಪ್ಪುಗಳನ್ನೆಲ್ಲ ತಿದ್ದಿದ್ದೇನೆ, ಇನ್ನೂರ ಹದಿನಾಲ್ಕು. ನಾಳೆ ರಿಜಿಸ್ಟರ್ ಪೋಸ್ಟಿನಲ್ಲಿ ತುಮಕೂರಿಗೆ ಹೋಗುತ್ತದೆ. ಎರಡು ಕೋಣೆ, ಒಳಗಿನ ನಲ್ಲಿ, ಎರಡೂ ನಿಮಗೇ ಇರಲಿ. ಇಲ್ಲಿ ನಾನು ಬೀದಿ ನಲ್ಲಿಯಲ್ಲೇ ನೀರು ಹಿಡಿದುಕೊಳ್ಳುತ್ತೇನೆ, ತಲೆ ಎತ್ತಿಕೊಂಡು.

ನಿಮ್ಮ ಹೆಸರನ್ನು ಇನ್ನೂ ಶಾಲೆಯ ರಿಜಿಸ್ಟರಿನಲ್ಲಿ ತನ್ನ ಹೆಸರಿನ ಮುಂದೆ ಬರೆಸಿಕೊಂಡಿರುವ,
ಕರೀಮುನ್ನೀಸಾ

ಮರೆತ ಮಾತು, ೧೪ ಜನವರಿ, ಗುರುವಾರ:

ಈ ಕಾಗದವನ್ನು ಬೇಕೆಂದೇ ಹನ್ನೊಂದು ದಿನ ಇಟ್ಟುಕೊಂಡಿದ್ದೆ. ಇವತ್ತು ನಂದೀಶ್ವರಯ್ಯನವರ ಕಾರ್ಡು ಬಂತು. ಮೂವತ್ತಮೂರನೇ ಪುಟವನ್ನು ಹೊಸದಾಗಿ ಕಂಪೋಜ್ ಮಾಡಿಸಿ, ಐನೂರು ಪ್ರತಿಯೂ ಅಚ್ಚಾಗಿ, ಹೊಲಿಗೆಯಾಗಿ, ನಿಮ್ಮ ಕಚೇರಿಗೆ ಪಾರ್ಸೆಲ್ ಹೋಗಿದೆಯಂತೆ. ಜೊತೆಗೆ ನನಗೊಂದು ಪ್ರತಿ ಕಳಿಸಿದ್ದಾರೆ. ಆ ಪುಟದಲ್ಲಿ ಈಗ ಕಳ್ಳತನದ ಚಟ ಇಲ್ಲ. ಜೋಡಿ ಗಿಡ ಇದೆ, ಹಬೀಬ್ ಸಾಬ್ ಇದ್ದಾರೆ. 'ಆ ದೂರನ್ನು ಓದದೆ ನಂಬರ್ ಹಾಕಿದವನು ನಾನು, ವಿಚಾರಣೆಯಲ್ಲಿ ಗೊತ್ತಿಲ್ಲ ಎಂದವನೂ ನಾನು, ಈ ಮರ ಅವರು ನೆಟ್ಟದ್ದು' ಅಂತಲೂ ಇದೆ. ನೀವೇ ಬರೆದ ಹಾಗೆ ಬರೆದಿದ್ದೇನೆ, ಕೆಳಗೆ ನಿಮ್ಮದೇ ಹೆಸರು. ಇದು ನಾನು ಬರೆದದ್ದಲ್ಲ ಅಂತ ನೀವು ಸಭೆಯಲ್ಲಿ ಹೇಳಬಹುದು, ನಾನೇನೂ ಬಂದು ತಡೆಯುವುದಿಲ್ಲ.

ಆದರೆ ಮಧ್ಯಾಹ್ನ ರಾಮಾಂಜಿನಮ್ಮ ಆ ಪುಟವನ್ನು ಅಬ್ಬಾಗೆ ಓದಿ ಹೇಳಿದಳು. ಎರಡು ಸಲ ಓದಿಸಿದರು. ಯಾರು ಬರೆದದ್ದು ಅಂತ ನನ್ನನ್ನು ಕೇಳಿದರು. ನಿಮ್ಮ ಅಳಿಯ ಅಂದೆ. ಬಹಳ ಹೊತ್ತು ಅತ್ತರು. ಹುಡುಗ ಒಂದು ದಿನ ಬಾಯಿಬಿಡುತ್ತಾನೆ ಅಂತ ನನಗೆ ಗೊತ್ತಿತ್ತು ಬೇಟಿ, ನೀನೇ ದುಡುಕಿದೆ ಅಂತ ನನಗೇ ಬೈದರು. ಆಗಲೇ ಕಮಿಟಿಯವರ ಮನೆಗೆ ಪುಸ್ತಕ ಹಿಡಿದುಕೊಂಡು ಹೋಗಿದ್ದಾರೆ. ಇಪ್ಪತ್ತಾರಕ್ಕೆ ಬೆಳಗಿನ ಬಸ್ಸಿಗೆ ಬರುತ್ತಾರೆ, ಅಲ್ಲಿ ಎಲ್ಲರ ಎದುರು ನಿಮ್ಮ ಕೈ ಹಿಡಿದು ಶುಕ್ರಿಯಾ ಹೇಳಬೇಕಂತೆ. ಕಣ್ಣು ಕಾಣುವುದಿಲ್ಲ, ಬಸ್ ಸ್ಟ್ಯಾಂಡಿಗೆ ನೀವೇ ಬಂದು ಕರೆದುಕೊಂಡು ಹೋಗಿ.